ತೋಟಾ ಒಳ್ಳೆಯದೇ, ಆದರೆ ಅಂಗಡಿಯಲ್ಲಿ ಇದೆಯಾ? ಹಳೆ ರೈಫಲ್ ಕೈಗೆ ತಗೊಳ್ಳುವ ಮುನ್ನ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೆಯ ಗೌಡರ ಮನೆ, ಮಂಡಿ ಸಾಹುಕಾರರ ಮನೆಗಳಲ್ಲಿ ಬೇಟೆಯ ಕಾಲದ ರೈಫಲ್‌ಗಳು ಇನ್ನೂ ಉಳಿದಿವೆ. ಅಜ್ಜನ ಹೆಸರಿನಲ್ಲಿದ್ದದ್ದು ಅಪ್ಪನಿಗೆ ಬಂದು, ಅಪ್ಪನ ನಂತರ ಮಕ್ಕಳ ಹೆಸರಿಗೆ ಮಾಡಿಸುವ ಹೊತ್ತಿಗೆ ಎಲ್ಲರೂ ನೋಡುವುದು ಮರದ ಹೊಳಪು, ಕಂಪನಿಯ ಹೆಸರು. ಮೊದಲು ನೋಡಬೇಕಾದ್ದು ತೋಟಾ, ಅಂದರೆ ಕೇಸು, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಮುಂದಿನ ಗುಂಡು ಎಲ್ಲ ಸೇರಿದ ಇಡೀ ಕಾರ್ಟ್ರಿಡ್ಜ್. ಜಗತ್ತಿನಲ್ಲೇ ಅತ್ಯುತ್ತಮ ಅನ್ನಿಸಿಕೊಂಡ ಎಷ್ಟೋ ತೋಟಾಗಳು ಇವತ್ತು ಯಾವ ಅಂಗಡಿಯಲ್ಲೂ ಇಲ್ಲ. ಸಾಧಾರಣ ಅನ್ನಬಹುದಾದ ಕೆಲವು ನೂರು ವರ್ಷ ದಾಟಿಯೂ ಪೆಟ್ಟಿಗೆಗಟ್ಟಲೆ ಮಾರಾಟವಾಗುತ್ತಿವೆ. ಈ ವ್ಯತ್ಯಾಸ ಯಾಕೆ ಅಂತ ಗೊತ್ತಿದ್ದರೆ ಕೈಲಿರುವ ರೈಫಲನ್ನು ಇಟ್ಟುಕೊಳ್ಳಬೇಕಾ, ಬಿಡಬೇಕಾ ಅನ್ನುವುದನ್ನು ಅರ್ಧ ದಿನದಲ್ಲಿ ತೀರ್ಮಾನಿಸಬಹುದು.

ಒಂದು ಮಾತು ಮೊದಲೇ ಸ್ಪಷ್ಟವಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ವನ್ಯಧಾಮವಿದೆ, ಚಿತ್ರದುರ್ಗದ ಮಗ್ಗುಲಲ್ಲೇ ಜೋಗಿಮಟ್ಟಿ ಇದೆ. ಇಲ್ಲಿ ರೈಫಲ್ ಇಟ್ಟುಕೊಳ್ಳುವುದು ಆತ್ಮರಕ್ಷಣೆಗೆ, ಬೆಳೆ ರಕ್ಷಣೆಯ ಲೈಸೆನ್ಸಿಗೆ, ಗುರಿ ಅಭ್ಯಾಸಕ್ಕೆ, ಇಲ್ಲವೇ ಮನೆತನದ ನೆನಪಿಗೆ. ಈ ಯಾವ ಉದ್ದೇಶಕ್ಕಾದರೂ ತೋಟಾ ಸಿಗದ ರೈಫಲ್ ಬರೀ ಕಬ್ಬಿಣ, ಲೈಸೆನ್ಸ್ ಜವಾಬ್ದಾರಿ ಮಾತ್ರ ಪೂರ್ತಿ.

ಬೋರ್ ಯಾವುದು? ಬಾಯಿಮಾತು ನಂಬಬೇಡಿ

ಬೋರ್ ಅಂದರೆ ನಳಿಗೆಯ ಒಳ ಅಳತೆ, ರೈಫಲ್ ಯಾವ ತೋಟಾದ್ದು ಅಂತ ಹೇಳುವ ಹೆಸರು. ಮೊದಲ ಕೆಲಸ ರೈಫಲ್ ಖಾಲಿ ಮಾಡುವುದು. ನಳಿಗೆ ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಮ್ಯಾಗಝೀನ್ ಬಿಚ್ಚಿ, ಹಿಂಬದಿ ಮುಚ್ಚುವ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು, ತೋಟಾ ಕೂರುವ ಚೇಂಬರ್ ಒಳಗೆ ಕಣ್ಣಿಂದ ನೋಡಿ, ಕಿರುಬೆರಳು ಇಟ್ಟು ಮುಟ್ಟಿ ನೋಡಿ. ‘ಇದರಲ್ಲಿ ಇಪ್ಪತ್ತು ವರ್ಷದಿಂದ ಏನೂ ಹಾಕಿಲ್ಲ’ ಅಂತ ಮನೆಯವರು ಹೇಳಿದರೂ ಇದನ್ನು ಬಿಡಬಾರದು.

ಆಮೇಲೆ ಒರೆಸುವುದು. ವರ್ಷವರ್ಷ ಆಯುಧ ಪೂಜೆಗೆ ಹಚ್ಚಿದ ವಿಭೂತಿ, ಕುಂಕುಮ, ಅದರ ಮೇಲೆ ಹಳೆ ಎಣ್ಣೆ ಸೇರಿ ಗಟ್ಟಿಯಾಗಿ, ಅಕ್ಷರ ಕೆತ್ತಿದ ಜಾಗವನ್ನೇ ಮುಚ್ಚಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಉಪ್ಪುಕಾಗದ, ಕಬ್ಬಿಣದ ಬ್ರಷ್ ಬೇಡ. ಅಕ್ಷರ ಸವೆದರೆ ರೈಫಲಿನ ಗುರುತೇ ಹೋಗುತ್ತದೆ, ಸೀರಿಯಲ್ ನಂಬರ್ ಅಳಿಸಿದ ಹಾಗೆ ಕಂಡರೆ ಕಾನೂನಿನ ತೊಂದರೆಯೂ ಬರುತ್ತದೆ. ಕುಂಕುಮ, ಅರಿಶಿನ ತೇವ ಹಿಡಿದಿಡುತ್ತವೆ. ಪೂಜೆ ಆದ ದಿನ ಸಂಜೆಯೇ ಒರೆಸಿ ತೆಳ್ಳಗೆ ಎಣ್ಣೆ ಹಚ್ಚುವ ಮನೆಗಳ ರೈಫಲ್ ನೋಡಿದರೇ ಗೊತ್ತಾಗುತ್ತದೆ.

ಈಗ ನಳಿಗೆ ಚೇಂಬರಿಗೆ ಸೇರುವ ಜಾಗ, ಅದರ ಎಡಬಲ, ಮರದ ಹಿಡಿಯೊಳಗೆ ಮುಚ್ಚಿಹೋಗಿರುವ ತಳಭಾಗ, ಇಷ್ಟೂ ನೋಡಿ. ಮರ ಬಿಚ್ಚುವುದು ಗನ್‌ಸ್ಮಿತ್ ಕೈಲಿ ಆಗಲಿ. ಹಳೆಯ ಇಂಗ್ಲಿಷ್ ನಳಿಗೆಗಳಲ್ಲಿ ಬೋರಿನ ಹೆಸರಿನ ಜೊತೆ ಪರೀಕ್ಷೆಯ ಮುದ್ರೆ, ಎಷ್ಟು ಗ್ರೇನ್ (ತೂಕದ ಸಣ್ಣ ಅಳತೆ) ಕಾರ್ಡೈಟ್ ಅನ್ನುವ ಹೊಗೆಯಿಲ್ಲದ ಮದ್ದು, ಎಷ್ಟು ಗ್ರೇನ್ ಗುಂಡು ಅನ್ನುವುದನ್ನೂ ಕೆತ್ತಿರುತ್ತಾರೆ. ಕಾರ್ಡೈಟ್ ಅಥವಾ ನೈಟ್ರೋ ಅನ್ನುವ ಪದ ಎಲ್ಲೂ ಇಲ್ಲದೆ ‘ಎಕ್ಸ್‌ಪ್ರೆಸ್’ ಅಂತ ಮಾತ್ರ ಇದ್ದರೆ ಅದು ಕರಿಮದ್ದಿನ ಕಾಲದ ನಳಿಗೆ ಇರಬಹುದು. ಅದರಲ್ಲಿ ಈಗಿನ ಮದ್ದಿನ ತೋಟಾ ಹೊಡೆದರೆ ನಳಿಗೆ ಸೀಳುತ್ತದೆ.

ಸಂಖ್ಯೆಗಳು ಮೋಸ ಮಾಡುವುದು ಇಲ್ಲೇ. .315 ಅಂತ ಹೆಸರಿದ್ದರೂ ಅದರ ಗುಂಡಿನ ವ್ಯಾಸ .323 ಇಂಚು. .303ರ ಗುಂಡು ಸುಮಾರು .311. .280 ರಾಸ್ ಅನ್ನುವುದರ ಗುಂಡು .287. .318 ವೆಸ್ಟ್‌ಲಿ ರಿಚರ್ಡ್ಸ್ ಗುಂಡು .330. ಇನ್ನೊಂದು ಕಡೆ, ಜರ್ಮನಿಯ ಹಳೆ 8×57 ಜೆ ತೋಟಾದ ಗುಂಡೇ .318 ಇಂಚು ಇರುತ್ತದೆ. ನಂತರ ಬಂದ 8×57 ಜೆಎಸ್ ಗುಂಡು .323. ‘ಎಂಟು ಎಂಎಂ ಮೌಸರ್’ ಅಂತ ಎರಡಕ್ಕೂ ಹೇಳುತ್ತಾರೆ. ದಪ್ಪ ಗುಂಡನ್ನು ಸಣ್ಣ ನಳಿಗೆಯಲ್ಲಿ ಹೊಡೆದರೆ ಒತ್ತಡ ಮಿತಿ ಮೀರುತ್ತದೆ. ಹೆಸರು ಬೇರೆ ಇದ್ದು ತೋಟಾ ಒಂದೇ ಆಗಿರುವುದೂ ಉಂಟು: ಇಂಗ್ಲೆಂಡಿನ ರಿಗ್ಬಿಯವರ .275 ಅಂದರೆ 7×57 ಮೌಸರ್‌ನದೇ ಇನ್ನೊಂದು ಹೆಸರು. ಆದರೆ .275 ಮ್ಯಾಗ್ನಂ ಅಂದರೆ ಅದಲ್ಲ. ಹಾಗಾಗಿ ಬರೀ ಅಂಕಿ ಬರೆದುಕೊಂಡು ಅಂಗಡಿಗೆ ಹೋಗಬೇಡಿ, ನಳಿಗೆಯ ಮೇಲಿನ ಪೂರ್ತಿ ಬರಹ ಬರೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ.

ಒಳ್ಳೆಯ ತೋಟಾ ಸೋಲುವುದು ಎಲ್ಲೆಲ್ಲಿ

ತೋಟಾ ಸೋಲಲು ಗುಂಡಿನ ವೇಗ, ಪೆಟ್ಟಿನ ಬಲ ಕಾರಣವಾಗುವುದು ಅಪರೂಪ. ಸೋಲಿಸುವುದು ಕಾನೂನು, ಜೊತೆಗೆ ಬಂದ ರೈಫಲ್, ನಳಿಗೆಯ ತಿರುವು, ಮ್ಯಾಗಝೀನಿನ ಉದ್ದ, ಹೆಸರಿನ ಗೊಂದಲ, ಒಂದೇ ಕಂಪನಿಯ ಮೇಲಿನ ಅವಲಂಬನೆ. ನಮ್ಮ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡದು ಕಾನೂನು.

.303 ಬ್ರಿಟಿಷ್ ತೋಟಾದಲ್ಲಿ ಯಾವ ಕೊರತೆಯೂ ಇಲ್ಲ. ಕೆನಡಾದಲ್ಲಿ ತಲೆಮಾರುಗಟ್ಟಲೆ ಜನ ಅದರಲ್ಲೇ ಬೇಟೆಯಾಡಿದರು. ಇಲ್ಲಿ ಅದು ಸೈನ್ಯದ, ಪೊಲೀಸರ ತೋಟಾ. ಸರ್ಕಾರಿ .303 ಮತ್ತು 7.62 ಎಂಎಂ ತೋಟಾ ಹಾಕಿ ಹೊಡೆಯಬಹುದಾದ ರೈಫಲ್‌ಗಳು ನಿಷೇಧಿತ ಬೋರ್ ಪಟ್ಟಿಯಲ್ಲಿವೆ. ಸಾಮಾನ್ಯ ಲೈಸೆನ್ಸಿಗೆ ಅವು ಸಿಗುವುದಿಲ್ಲ. ಹಾಗಾಗಿ ಆ ಜಾಗ ತುಂಬಿದ್ದು .315. ಅದು ಮೂಲದಲ್ಲಿ 19ನೇ ಶತಮಾನದ ಕೊನೆಯ ಆಸ್ಟ್ರಿಯಾ-ಹಂಗೇರಿ ಸೈನ್ಯದ 8×50ಆರ್ ಮಾನ್‌ಲಿಕರ್ ತೋಟಾ. ಯುರೋಪಿನಲ್ಲಿ ಅದರ ಕಾಲ ಮುಗಿದು ಎಷ್ಟೋ ಆಯಿತು. ಆದರೆ ಇಶಾಪುರದ ಕಾರ್ಖಾನೆಯಲ್ಲಿ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ ಮಾಡುವ ಯಂತ್ರ, ಕೈಚಳಕ ಎರಡೂ ಇದ್ದವು. ತಳದಲ್ಲಿ ಅಂಚಿರುವ ತೋಟಾಕ್ಕೆ ಆ ಬೋಲ್ಟು, ಮ್ಯಾಗಝೀನ್ ಒಗ್ಗಿದವು. ತೋಟಾವನ್ನೂ ಸರ್ಕಾರಿ ಕಾರ್ಖಾನೆಯೇ ಮಾಡಿತು. 244 ಗ್ರೇನ್, ಅಂದರೆ ಹದಿನಾರು ಗ್ರಾಂಗೆ ಸ್ವಲ್ಪ ಕಡಿಮೆ ತೂಕದ ಗುಂಡು, ನಿಧಾನದ ವೇಗ. ಕಾಗದದ ಮೇಲೆ ಅಮೆರಿಕದ .30-06 ತೋಟಾ ಅದಕ್ಕಿಂತ ಎಷ್ಟೋ ಮುಂದೆ. ಆದರೂ ಉತ್ತರದಿಂದ ದಕ್ಷಿಣದವರೆಗೆ ಲೈಸೆನ್ಸ್ ಪುಸ್ತಕಗಳಲ್ಲಿ ಕಾಣುವ ರೈಫಲ್ ‘ತ್ರೀ ಫಿಫ್ಟೀನ್’. ಸತ್ತುಹೋಗಬೇಕಿದ್ದ ತೋಟಾವನ್ನು ಒಂದು ದೇಶದ ಕಾನೂನು, ಒಂದು ಕಾರ್ಖಾನೆ ಸೇರಿ ಬದುಕಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆಲ್ಲೂ ಸಿಗಲಾರದು.

ಇದೇ ಕಥೆ ತಿರುಗುಮುರುಗಾಗಿ ಬ್ರಿಟಿಷರ ಕಾಲದಲ್ಲೇ ನಡೆದಿತ್ತು. .450 ನೈಟ್ರೋ ಎಕ್ಸ್‌ಪ್ರೆಸ್ ಅನ್ನುವುದು 1898ರಲ್ಲಿ ಬಂದ, ಆನೆ ಹೊಡೆಯಲೂ ಸಾಕಾಗುವ ತೋಟಾ. ಬಂಡುಕೋರರ ಕೈಲಿದ್ದ ಹಳೆ ಮಾರ್ಟಿನಿ-ಹೆನ್ರಿ ರೈಫಲ್‌ಗಳ ಬೋರೂ ಅದೇ ಅಳತೆ. .450 ಗುಂಡು ಅವರ ಕೈ ಸೇರಬಾರದು ಅಂತ ಸರ್ಕಾರ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಭಾರತದಲ್ಲಿ ಆ ಬೋರನ್ನು ನಿಷೇಧಿಸಿತು. ಇಂಗ್ಲೆಂಡಿನ ಕಂಪನಿಗಳಿಗೆ ದೊಡ್ಡ ಗಿರಾಕಿ ಭಾರತವೇ. ಒಬ್ಬೊಬ್ಬರು ಒಂದೊಂದು ಹೊಸ ಅಳತೆ ತಂದರು: ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯವರ .500/.465, ಜೆಫ್ರಿಯವರ .475 ನಂಬರ್ 2, ವೆಸ್ಟ್‌ಲಿ ರಿಚರ್ಡ್ಸ್‌ನವರ .476, ಲ್ಯಾಂಗ್ ಅವರ .470. ಪೆಟ್ಟಿನಲ್ಲಿ ಇವೆಲ್ಲ ಅಕ್ಕಪಕ್ಕದವೇ. ಉಳಿದದ್ದು .470, ಯಾಕೆಂದರೆ ಲ್ಯಾಂಗ್ ತೋಟಾ ತನ್ನೊಬ್ಬನದೇ ಅಂತ ಹಿಡಿದಿಟ್ಟುಕೊಳ್ಳಲಿಲ್ಲ. ಬೇರೆ ಬಂದೂಕು ತಯಾರಕರೂ ಆ ಬೋರಿನ ರೈಫಲ್ ಮಾಡಿದರು. ಒಂದೇ ಅಂಗಡಿಯ ಹೆಸರಿಗೆ ಕಟ್ಟುಬಿದ್ದವು ಆ ಅಂಗಡಿಯ ಜೊತೆಗೇ ಸೊರಗಿದವು.

ಒಂದೇ ಕಂಪನಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ .318 ವೆಸ್ಟ್‌ಲಿ ರಿಚರ್ಡ್ಸ್ ಇನ್ನೊಂದು ಸಾಕ್ಷಿ. 250 ಗ್ರೇನ್ ಉದ್ದನೆ ಗುಂಡು ಆಳಕ್ಕೆ ನುಗ್ಗುತ್ತಿತ್ತು, ಭಾರತದಲ್ಲೂ ಆಫ್ರಿಕಾದಲ್ಲೂ ಹೆಸರು ಮಾಡಿತ್ತು. ಅದರ ತೋಟಾ ಬರುತ್ತಿದ್ದದ್ದು ಇಂಗ್ಲೆಂಡಿನ ತೋಟಾ ಕಂಪನಿ ಕೈನಾಕ್‌ನಿಂದ. 1960ರ ದಶಕ ಕಳೆಯುವಷ್ಟರಲ್ಲಿ ಕೈನಾಕ್ ಇಂಥ ತೋಟಾಗಳನ್ನು ಒಂದೊಂದಾಗಿ ಕೈಬಿಟ್ಟಿತು. ಗುಂಡಿನ .330 ಇಂಚಿನ ಅಳತೆ ಬೇರೆ ಜನಪ್ರಿಯ ತೋಟಾಗಳಲ್ಲಿ ಇಲ್ಲದ್ದರಿಂದ ಬದಲಿ ಗುಂಡೂ ಸಿಗಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಉಪಯೋಗವಿಲ್ಲದೆ ಕೂತಿರುವ ಇಂಗ್ಲಿಷ್ ರೈಫಲ್‌ಗಳದ್ದು ಬಹುಪಾಲು ಇದೇ ಗತಿ.

ರೈಫಲ್‌ನಿಂದ ತೋಟಾ ಕೆಟ್ಟ ಹೆಸರು ಪಡೆದದ್ದಕ್ಕೆ .280 ರಾಸ್ ನೋಡಬೇಕು. 1907ರ ಸುಮಾರಿಗೆ ಬಂದ ಇದು ಆಗಿನ ಕಾಲಕ್ಕೆ ಬೆರಗಾಗುವಷ್ಟು ವೇಗದ್ದು, ಹತ್ತಿರ ಹತ್ತಿರ ಸೆಕೆಂಡಿಗೆ 3,000 ಅಡಿ. ಆದರೆ ಅದಕ್ಕಿದ್ದ ರಾಸ್ ರೈಫಲಿನ ನೇರ ಎಳೆತದ ಬೋಲ್ಟನ್ನು ಬಿಚ್ಚಿ ತಪ್ಪಾಗಿ ಜೋಡಿಸಿದರೆ ಬೀಗ ಬೀಳದೆಯೇ ಗುಂಡು ಹಾರುತ್ತಿತ್ತು, ಬೋಲ್ಟ್ ಹಿಂದಕ್ಕೆ ಬಂದು ಹೊಡೆದವನ ಮುಖಕ್ಕೆ ಬಡಿಯುತ್ತಿತ್ತು. ಆ ವೇಗಕ್ಕೆ ತಕ್ಕ ಗುಂಡೂ ಆಗ ಇರಲಿಲ್ಲ, ತೆಳು ಹೊದಿಕೆಯ ಗುಂಡು ಚರ್ಮದ ಹತ್ತಿರವೇ ಒಡೆದುಹೋಗುತ್ತಿತ್ತು. 1911ರಲ್ಲಿ ಬ್ರಿಟಿಷ್ ವಿದೇಶಾಂಗ ಮಂತ್ರಿ ಎಡ್ವರ್ಡ್ ಗ್ರೇಯ ಸೋದರ ಜಾರ್ಜ್ ಗ್ರೇ ಇದೇ ರೈಫಲ್ ಹಿಡಿದು ಸಿಂಹಕ್ಕೆ ಎದುರಾಗಿ ಸತ್ತ. ಆ ಸುದ್ದಿ ಹಬ್ಬಿದ ಮೇಲೆ ತೋಟಾದ ಗುಣ ವಿಚಾರಿಸುವವರೇ ಇಲ್ಲವಾದರು.

ನಳಿಗೆಯ ತಿರುವಿನ ವಿಷಯ ಕೊಂಚ ಲೆಕ್ಕದ್ದು, ಆದರೆ ಕಲಿತರೆ ಜೀವನಪರ್ಯಂತ ಉಪಯೋಗಕ್ಕೆ ಬರುತ್ತದೆ. ನಳಿಗೆಯೊಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಅನ್ನುವುದೇ ಟ್ವಿಸ್ಟ್. ಗುಂಡು ಉದ್ದವಾದಷ್ಟೂ ಬೇಗ ತಿರುಗಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ಅಡ್ಡ ಬಿದ್ದು ಗುರಿ ತಪ್ಪುತ್ತದೆ. ಗ್ರೀನ್‌ಹಿಲ್ ಸೂತ್ರ ಹೀಗಿದೆ: ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲವೂ ಇಂಚಿನಲ್ಲಿ. ಸೆಕೆಂಡಿಗೆ 2,800 ಅಡಿಗೂ ಮೀರಿದ ವೇಗಕ್ಕೆ 150ರ ಬದಲು 180 ಹಾಕುತ್ತಾರೆ. .243 ವ್ಯಾಸ, ಒಂದು ಇಂಚು ಉದ್ದದ ಗುಂಡಿಗೆ ಲೆಕ್ಕ ಹಾಕಿ: .243 ಗುಣಿಸು .243 ಅಂದರೆ .059, ಅದನ್ನು 180ರಿಂದ ಗುಣಿಸಿದರೆ 10.6. ಅಂದರೆ ಹತ್ತೂವರೆ ಇಂಚಿಗೆ ಒಂದು ಸುತ್ತಾದರೂ ಬೇಕು.

ಈಗ 1955ಕ್ಕೆ ಬನ್ನಿ. ಅದೇ ವರ್ಷ ವಿಂಚೆಸ್ಟರ್ .243 ತಂದಿತು, ರೆಮಿಂಗ್ಟನ್ .244 ತಂದಿತು. ಎರಡರ ಗುಂಡೂ ಒಂದೇ ವ್ಯಾಸ. ರೆಮಿಂಗ್ಟನ್‌ನದ್ದರಲ್ಲಿ ಮದ್ದಿನ ಜಾಗ ಸ್ವಲ್ಪ ಹೆಚ್ಚೇ ಇತ್ತು. ಆದರೆ ಅವರು ಸಣ್ಣ ಪ್ರಾಣಿಗಳಿಗೆ ಹಗುರ ಗುಂಡು ಸಾಕು ಅಂದುಕೊಂಡು 12 ಇಂಚಿನ ಟ್ವಿಸ್ಟ್ ಇಟ್ಟರು. ವಿಂಚೆಸ್ಟರ್ 10 ಇಂಚು ಇಟ್ಟು, 100 ಗ್ರೇನ್ ಗುಂಡು ಕೊಟ್ಟು, ಜಿಂಕೆಗೂ ಆಗುತ್ತದೆ ಅಂತ ಮಾರಿತು. ಕೊಳ್ಳುವವನಿಗೆ ಒಂದೇ ರೈಫಲ್‌ನಲ್ಲಿ ಎರಡೂ ಕೆಲಸ ಆಗಬೇಕಿತ್ತು. ರೆಮಿಂಗ್ಟನ್ ತಪ್ಪು ತಿದ್ದಿ 1963ರಲ್ಲಿ 9 ಇಂಚಿನ ಟ್ವಿಸ್ಟ್ ಇಟ್ಟು ‘6 ಎಂಎಂ ರೆಮಿಂಗ್ಟನ್’ ಅಂತ ಹೊಸ ಹೆಸರಲ್ಲಿ ತಂದಿತು. ತೋಟಾ ಅದೇ, ಅಳತೆ ಅದೇ. ಅಷ್ಟರಲ್ಲಿ ಅಂಗಡಿ ಕಪಾಟು .243ರಿಂದ ತುಂಬಿತ್ತು.

ಅದೇ ಕಂಪನಿಯ .280 ರೆಮಿಂಗ್ಟನ್‌ಗೆ ಹೆಸರೇ ಕಂಟಕವಾಯಿತು. 1957ರಲ್ಲಿ ಬಂದಾಗ ಅದನ್ನು ತಾನಾಗಿ ತೋಟಾ ತುಂಬಿಕೊಳ್ಳುವ ರೈಫಲ್‌ಗೂ ಹೊಂದಬೇಕು ಅಂತ ಒತ್ತಡ ಕಡಿಮೆ ಇಟ್ಟರು. ಇವತ್ತಿಗೂ ಅದರ ಒತ್ತಡದ ಮಿತಿ ಚದರ ಇಂಚಿಗೆ 60,000 ಪೌಂಡ್ (ಪಿಎಸ್‌ಐ), ಹಳೆಯ .270 ವಿಂಚೆಸ್ಟರ್‌ದು 65,000. 1962ರಲ್ಲಿ ತಾವೇ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ತಂದು ಗಿರಾಕಿಗಳನ್ನೆಲ್ಲ ಅತ್ತ ಸೆಳೆದರು. 1979ರಲ್ಲಿ .280ಕ್ಕೆ ‘7 ಎಂಎಂ ಎಕ್ಸ್‌ಪ್ರೆಸ್’ ಅಂತ ಹೆಸರಿಟ್ಟರು. ಜನ ಅದನ್ನು ಮ್ಯಾಗ್ನಂ ಜೊತೆ ಗೊಂದಲ ಮಾಡಿಕೊಂಡರು, ಹಾಗಾಗಿ ಮತ್ತೆ ಹಳೆ ಹೆಸರಿಗೇ ಬಂದರು. ಸಣ್ಣ ತೋಟಾ ದೊಡ್ಡ ಚೇಂಬರಿಗೆ ಹೋದರೆ ಕೇಸು ಸೀಳುತ್ತದೆ. ಹೆಸರಿನ ಗೊಂದಲ ಬರೀ ವ್ಯಾಪಾರದ ವಿಷಯವಲ್ಲ ಅನ್ನುವುದು ಇದಕ್ಕೇ.

ಇನ್ನು ಮ್ಯಾಗಝೀನ್. .260 ರೆಮಿಂಗ್ಟನ್ 1997ರಲ್ಲಿ ಬಂತು, 6.5 ಕ್ರೀಡ್‌ಮೋರ್ ಅದಕ್ಕಿಂತ ಹತ್ತು ವರ್ಷ ಆದಮೇಲೆ. ಇವೆರಡರ ಗುಂಡೂ ಒಂದೇ ವ್ಯಾಸ, ವೇಗದಲ್ಲಿ ಕೂದಲೆಳೆ ವ್ಯತ್ಯಾಸ. .260ರ ಕೇಸಿನ ಉದ್ದ 51.7 ಮಿ.ಮೀ., ಕ್ರೀಡ್‌ಮೋರ್‌ದು 48.8. ಎರಡೂ ಕೂರಬೇಕಾದ್ದು ಸುಮಾರು 71 ಮಿ.ಮೀ. ಮ್ಯಾಗಝೀನಿನಲ್ಲಿ. ಆ ಮೂರು ಮಿ.ಮೀ. ಉಳಿತಾಯದಿಂದ ಉದ್ದ ಮೂತಿಯ ಗುಂಡು ಮದ್ದಿನೊಳಗೆ ಹುದುಗದೆ ಕೂರುತ್ತದೆ. ಜೊತೆಗೆ ಕ್ರೀಡ್‌ಮೋರ್ ರೈಫಲ್‌ಗಳು ಮೊದಲ ದಿನದಿಂದಲೇ 8 ಇಂಚಿನ ಟ್ವಿಸ್ಟ್‌ನಲ್ಲಿ ಬಂದವು, ಸ್ಪರ್ಧೆಗೆ ಸಾಕಾಗುವ ತೋಟಾ ಕೈಗೆಟಕುವ ಬೆಲೆಗೆ ಪೆಟ್ಟಿಗೆಯಲ್ಲೇ ಸಿಕ್ಕಿತು. .260 ಕೊಂಡವನು ತೋಟಾ ತಾನೇ ತುಂಬಿಕೊಳ್ಳಬೇಕಿತ್ತು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತುಂಬುವುದು ಅಪರಾಧ. ಹಾಗಾಗಿ ‘ಕೈಯಲ್ಲೇ ತುಂಬಿಕೊಂಡರೆ ಅದ್ಭುತ’ ಅಂತ ಹೊರದೇಶದವರು ಹೊಗಳುವ ಯಾವ ತೋಟಾವೂ ನಮಗೆ ಲೆಕ್ಕಕ್ಕಿಲ್ಲ.

ಡೀಲರ್ ಹತ್ತಿರ ಕೇಳಬೇಕಾದ್ದು

‘ಈ ತೋಟಾ ಇದೆಯಾ?’ ಅಂತ ಕೇಳಿದರೆ ‘ಇದೆ’ ಅನ್ನುವ ಉತ್ತರ ಬಂದೀತು. ಕಪಾಟಿನ ಮೂಲೆಯಲ್ಲಿ ಐದು ತೋಟಾ ಇದ್ದರೂ ಅದು ‘ಇದೆ’ಯೇ. ಕೇಳಬೇಕಾದ್ದು ಬೇರೆ. ಇದನ್ನು ಈಗ ಯಾರು ತಯಾರಿಸುತ್ತಿದ್ದಾರೆ? ಕಳೆದ ಸಲ ಮಾಲು ಬಂದದ್ದು ಯಾವ ವರ್ಷ? ಪೆಟ್ಟಿಗೆಯ ಮೇಲೆ ಯಾವ ಲಾಟ್ ನಂಬರ್ ಇದೆ, ಅದೇ ಲಾಟಿನಲ್ಲಿ ಎಷ್ಟು ಸಿಗುತ್ತದೆ? ತೋಟಾದ ತಳದಲ್ಲಿ ಕೆತ್ತಿದ ಗುರುತು ತೋರಿಸಲು ಹೇಳಿ. ಕೆ.ಎಫ್. ಅಂತಿದ್ದರೆ ಪುಣೆಯ ಖಡ್ಕಿ ಕಾರ್ಖಾನೆಯದು.

ಸರ್ಕಾರಿ ಕಾರ್ಖಾನೆಗಳು 2021ರ ಅಕ್ಟೋಬರಿನಲ್ಲಿ ಏಳು ಕಂಪನಿಗಳಾಗಿ ಹಂಚಿಹೋದವು. ತೋಟಾದ ಕೆಲಸ ಮ್ಯೂನಿಷನ್ಸ್ ಇಂಡಿಯಾಕ್ಕೆ, ಬಂದೂಕಿನದು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾಕ್ಕೆ ಹೋಯಿತು. ಹಳೆ ಬಿಲ್ಲಿನ ಹೆಸರಿಗೂ ಹೊಸ ಪೆಟ್ಟಿಗೆಯ ಹೆಸರಿಗೂ ವ್ಯತ್ಯಾಸ ಕಂಡರೆ ಗಾಬರಿ ಬೇಡ.

ದೇಶದಲ್ಲೇ ತಯಾರಾಗುವ ಬೋರ್ ಆದರೆ ನಿಶ್ಚಿಂತೆ: 12 ಬೋರ್, .22, .315, ಸ್ವಲ್ಪ ಹುಡುಕಾಟದಲ್ಲಿ .30-06. ಉಳಿದದ್ದೆಲ್ಲ ಆಮದು. 1980ರ ದಶಕದಿಂದ ಸಾಮಾನ್ಯ ಲೈಸೆನ್ಸುದಾರರಿಗೆ ಆಮದಿನ ಬಾಗಿಲು ಮುಚ್ಚಿದೆ, ರಿಯಾಯಿತಿ ಇರುವುದು ಮಾನ್ಯತೆ ಪಡೆದ ಶೂಟರ್‌ಗಳಿಗೆ. .375 ಮ್ಯಾಗ್ನಂ, .275, .423ರಂಥವಕ್ಕೆ ಹಳೆ ದಾಸ್ತಾನಿನ ಉಳಿಕೆ ಮಾತ್ರ ಗತಿ, ಬೆಲೆಯೂ ಹಾಗೇ ಇರುತ್ತದೆ. ಹತ್ತು ತೋಟಾ ಸಿಕ್ಕಿತು ಅಂತ ಅಂಥ ರೈಫಲ್ ಕೊಳ್ಳಬೇಡಿ. ನಳಿಗೆ ಸರಿಯಿದೆಯಾ ಅಂತ ಪರೀಕ್ಷಿಸಲೇ ಅಷ್ಟು ಬೇಕು.

ಬೆಳೆ ಕಾಯಲು ಅಂತ ಯೋಚಿಸುವವರಿಗೆ ಒಂದು ಮಾತು. ಚನ್ನಗಿರಿಯ ಅಡಿಕೆ ತೋಟವಿರಲಿ, ಜಗಳೂರು ಕಡೆಯ ಮೆಕ್ಕೆಜೋಳದ ಬಯಲಿರಲಿ, ರೈಫಲ್ ಅಲ್ಲಿಗೆ ಹೊಂದುವ ಬಂದೂಕಲ್ಲ. .30-06 ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರ್ ದಾಟಿ ಹೋಗಬಲ್ಲದು. ಬಯಲುಸೀಮೆಯಲ್ಲಿ ಅಷ್ಟು ದೂರದಲ್ಲಿ ಒಂದಲ್ಲ ಒಂದು ಊರು, ಕುರಿಹಟ್ಟಿ ಇದ್ದೇ ಇರುತ್ತದೆ. ಶಬ್ದ ಮಾಡಿ ಹಂದಿ ಓಡಿಸಲು 12 ಬೋರ್ ಒಂಟಿ ನಳಿಗೆ ಸಾಕು. ಕೊಲ್ಲುವುದಕ್ಕೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಕೈ ಹಾಕುವಂತಿಲ್ಲ.

ಬರಹ ಅಳಿಸಿದ್ದರೆ ಚೇಂಬರ್ ಅಚ್ಚು

ನಳಿಗೆಯ ಮೇಲೆ ಏನೂ ಓದಲಾಗದಿದ್ದರೆ, ಅಥವಾ ಹಿಂದೆ ಯಾರೋ ಚೇಂಬರ್ ಕೊರೆಸಿ ಬದಲಿಸಿದ್ದಾರೆ ಅನ್ನುವ ಅನುಮಾನವಿದ್ದರೆ, ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಅಚ್ಚು ತೆಗೆಸಿ. ಬಿಸ್ಮತ್ ಬೆರೆತ, ಕಡಿಮೆ ಶಾಖಕ್ಕೆ ಕರಗುವ ಸೆರೋಸೇಫ್ ಅನ್ನುವ ಲೋಹ ಇದಕ್ಕೆ ಬಳಸುತ್ತಾರೆ. ಅದು 71ರಿಂದ 88 ಡಿಗ್ರಿ ಸೆಲ್ಸಿಯಸ್ ಒಳಗೆ ಕರಗುತ್ತದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು.

ಬೋಲ್ಟ್ ತೆಗೆದು ಚೇಂಬರ್ ಒರೆಸಿ ಒಣಗಿಸಬೇಕು, ತೀರಾ ತೆಳ್ಳಗೆ ಎಣ್ಣೆ ಸವರಬೇಕು. ಎಣ್ಣೆ ಹೆಚ್ಚಾದರೆ ಅಚ್ಚಿನ ಮೇಲೆ ಗುಳಿ ಬೀಳುತ್ತದೆ. ನಳಿಗೆಯ ಬಾಯಿಂದ ಬಟ್ಟೆ ತೂರಿಸಿ, ಚೇಂಬರಿನ ಕುತ್ತಿಗೆಯಿಂದ ಒಂದು ಇಂಚು ಮುಂದೆ ಬಿಗಿಯಾಗಿ ನಿಲ್ಲಿಸಬೇಕು. ಹಾಗೆ ಮಾಡಿದರೆ ಸುರುಳಿ ಗೆರೆಯ ಆರಂಭವೂ ಅಚ್ಚಿನಲ್ಲಿ ಮೂಡುತ್ತದೆ. ರೈಫಲನ್ನು ನೆಟ್ಟಗೆ ನಿಲ್ಲಿಸಿ, ಲೋಹವನ್ನು ಒಂದೇ ಧಾರೆಯಲ್ಲಿ ಸುರಿದು ಚೇಂಬರಿನ ಅಂಚಿಗೆ ನಿಲ್ಲಿಸಬೇಕು. ಉಕ್ಕಿ ಮೇಲೆ ಬೋಲ್ಟ್ ಓಡಾಡುವ ಜಾಗಕ್ಕೆ ಹರಿದರೆ ಅಚ್ಚು ಹೊರಬರುವುದೇ ಇಲ್ಲ. ಗಟ್ಟಿಯಾದ ಮೇಲೆ, ಅರ್ಧ ಗಂಟೆ ಮೀರುವ ಮೊದಲೇ, ನಳಿಗೆಯ ಬಾಯಿಂದ ಕೋಲು ಹಾಕಿ ಮೆಲ್ಲಗೆ ತಟ್ಟಿ ಹೊರತೆಗೆಯಬೇಕು. ಈ ಲೋಹ ಮೊದಲು ಸ್ವಲ್ಪ ಕುಗ್ಗಿ ಆಮೇಲೆ ಹಿಗ್ಗುತ್ತದೆ, ಸುರಿದ ಒಂದು ಗಂಟೆಗೆ ಚೇಂಬರಿನ ನಿಜ ಅಳತೆಗೆ ಬರುತ್ತದೆ. ವರ್ನಿಯರ್ ಹಿಡಿಯಬೇಕಾದ್ದು ಆಗ. ಮರುದಿನ ಅಳೆದರೆ ದೊಡ್ಡದು ಕಾಣುತ್ತದೆ. ತಳದ ವ್ಯಾಸ, ಭುಜದ ವ್ಯಾಸ, ಕುತ್ತಿಗೆಯ ವ್ಯಾಸ, ತಳದಿಂದ ಭುಜಕ್ಕೆ, ತಳದಿಂದ ಬಾಯಿಗೆ ಇರುವ ಉದ್ದ: ಈ ಐದು ಅಳತೆ ಸಿಕ್ಕರೆ ತೋಟಾದ ಹೆಸರು ಹೇಳಬಹುದು.

ಟ್ವಿಸ್ಟ್ ಅಳೆಯುವುದು ಸುಲಭ, ಮನೆಯಲ್ಲೇ ಆಗುತ್ತದೆ. ಹಿಡಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸುತ್ತಿ ನಳಿಗೆಯಲ್ಲಿ ನಾಲ್ಕು ಇಂಚು ತೂರಿಸಿ. ರಾಡಿನ ಮೇಲ್ಭಾಗಕ್ಕೆ ಪೆನ್ನಿನಿಂದ ಒಂದು ಗುರುತು, ನಳಿಗೆಯ ಅಂಚಿಗೆ ಸರಿಯಾಗಿ ಇನ್ನೊಂದು ಗುರುತು ಹಾಕಿ. ಮೇಲಿನ ಗುರುತು ಪೂರ್ತಿ ಒಂದು ಸುತ್ತು ತಿರುಗಿ ಮತ್ತೆ ಮೇಲೆ ಬರುವ ತನಕ ತಳ್ಳಿ, ಆಗ ಅಂಚಿಗೆ ಮತ್ತೊಂದು ಗುರುತು. ಅಂಚಿಗೆ ಹಾಕಿದ ಎರಡು ಗುರುತಿನ ನಡುವಿನ ದೂರವೇ ಟ್ವಿಸ್ಟ್. ಬಟ್ಟೆ ಸಡಿಲವಿದ್ದರೆ ಗೆರೆ ಹಿಡಿಯದೆ ಜಾರುತ್ತದೆ, ಲೆಕ್ಕ ತಪ್ಪುತ್ತದೆ. ಮೂರು ಸಲ ಅಳೆದು ಒಂದೇ ಉತ್ತರ ಬಂದರೆ ನಂಬಿ.

ಪೆಟ್ಟಿಗೆಯಲ್ಲಿ ಉಳಿದ ಹಳೆ ತೋಟಾ

ರೈಫಲ್ ಜೊತೆ ಒಂದು ಡಬ್ಬಿ ತೋಟಾವೂ ಬಂದಿರುತ್ತದೆ. ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ, ಹಸಿರು ಕಿಲುಬು ಹಿಡಿದಿದ್ದರೂ, ಗುಂಡು ಬೆರಳಲ್ಲಿ ಅಲ್ಲಾಡಿದರೂ ಅದನ್ನು ಹೊಡೆಯಬಾರದು. ಕಿಲುಬನ್ನು ಉಜ್ಜಿ ಹೊಳಪು ತಂದರೆ ಕೇಸಿನ ತೂತು ಮುಚ್ಚಿದಂತಾಗುವುದಿಲ್ಲ. ಬೇಡದ ತೋಟಾವನ್ನು ಬಾವಿಗೆ, ತಿಪ್ಪೆಗೆ, ಒಲೆಗೆ ಹಾಕಬೇಡಿ. ಪೊಲೀಸ್ ಠಾಣೆಗೆ ಅಥವಾ ಡೀಲರಿಗೆ ಕೊಟ್ಟು ಬರಹದಲ್ಲಿ ರಸೀದಿ ಪಡೆಯಿರಿ, ಯಾಕೆಂದರೆ ಲೈಸೆನ್ಸ್ ಪುಸ್ತಕದ ಲೆಕ್ಕಕ್ಕೂ ಕೈಲಿರುವ ತೋಟಾಕ್ಕೂ ತಾಳೆಯಾಗಬೇಕು.

ರೇಂಜಿನಲ್ಲಿ ಹೊಡೆಯುವಾಗ ಟ್ರಿಗರ್ ಎಳೆದರೂ ಸದ್ದಾಗದಿದ್ದರೆ ಬೋಲ್ಟ್ ಎಳೆಯಬೇಡಿ. ನಳಿಗೆ ಗುರಿಯತ್ತಲೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ, ಹಳೆ ಪ್ರೈಮರ್ ತಡವಾಗಿ ಹತ್ತಿಕೊಳ್ಳುವುದುಂಟು. ‘ಟುಸ್’ ಅಂತ ಸಪ್ಪೆ ಸದ್ದು ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಖಾಲಿ ಮಾಡಿ, ರಾಡು ಹಾಕಿ ನೋಡದೆ ಎರಡನೆಯದು ಹೊಡೆದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ.

ಹಳೆ ಕಾಲದ ಪ್ರೈಮರ್‌ಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ಅದು ಉಪ್ಪಾಗಿ ನಳಿಗೆಯಲ್ಲಿ ಕೂತು ಗಾಳಿಯ ತೇವ ಎಳೆದು ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಅದೇ ಸಂಜೆ ಕುದಿನೀರು ಸುರಿದು ತೊಳೆದು, ಒಣಬಟ್ಟೆ ಹಾಕಿ, ಆಮೇಲೆ ಎಣ್ಣೆ. ಎಣ್ಣೆ ಮಾತ್ರ ಹಾಕಿ ಇಟ್ಟ ಎಷ್ಟೋ ಒಳ್ಳೆಯ ನಳಿಗೆ ಒಳಗೊಳಗೇ ಗುಳಿ ಬಿದ್ದಿವೆ.

ಲೈಸೆನ್ಸ್ ಪುಸ್ತಕದಲ್ಲಿ ಏನು ಬರೆದಿದೆ

ಇಷ್ಟಾದ ಮೇಲೆ ಪುಸ್ತಕ ತೆಗೆಯಿರಿ. ಅದರಲ್ಲಿರುವ ಬೋರ್, ಸೀರಿಯಲ್ ನಂಬರ್, ರೈಫಲಿನ ಮೇಲಿರುವುದು ಅಕ್ಷರಕ್ಕೆ ಅಕ್ಷರ ಹೊಂದಬೇಕು. ‘.318’ ಅಂತ ಇರುವ ಕಡೆ ಹಿಂದಿನ ಗುಮಾಸ್ತರು ‘.315’ ಅಂತ ಬರೆದಿದ್ದರೆ, ಅಂಗಡಿಯವರು ಪುಸ್ತಕ ನೋಡಿ .315 ತೋಟಾವನ್ನೇ ಕೊಡುತ್ತಾರೆ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ತೋಟಾ ಅನ್ನುವ ಮಿತಿಯೂ ಅದರಲ್ಲೇ ಇರುತ್ತದೆ.

ಹಳೆ ದಾಖಲೆ ಹುಡುಕುವವರು ಜಿಲ್ಲೆಗಳ ಹಂಚಿಕೆ ನೆನಪಿಟ್ಟುಕೊಳ್ಳಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರಿನ ಲೈಸೆನ್ಸ್ ಚಿತ್ರದುರ್ಗದ ಡಿಸಿ ಕಚೇರಿಯದು, ಹೊನ್ನಾಳಿ, ಚನ್ನಗಿರಿಯದು ಶಿವಮೊಗ್ಗದ್ದು, ಹರಪನಹಳ್ಳಿಯದು ಬಳ್ಳಾರಿಯದು. ಅಜ್ಜನ ಪುಸ್ತಕದ ಮೊದಲ ಪುಟದ ಮೊಹರು ನೋಡಿ ಅದೇ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಿ.

ಲೈಸೆನ್ಸುದಾರರು ತೀರಿಕೊಂಡಿದ್ದರೆ, ವಾರಸುದಾರರ ಹೆಸರಿಗೆ ಆಗುವವರೆಗೆ ರೈಫಲ್, ತೋಟಾ ಎರಡನ್ನೂ ತಡಮಾಡದೆ ಠಾಣೆಯಲ್ಲೋ ಡೀಲರ್ ಹತ್ತಿರವೋ ಇಡಬೇಕು. ಚುನಾವಣೆ ಸಮಯದಲ್ಲಿ ಠೇವಣಿ ಇಡುವಾಗ ರೈಫಲಿನ ಜೊತೆ ತೋಟಾದ ಸಂಖ್ಯೆಯನ್ನೂ ರಸೀದಿಯಲ್ಲಿ ಬರೆಸಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ನಿಮ್ಮ ಹೆಸರಲ್ಲಿ ಈಗಾಗಲೇ ಒಂದು 12 ಬೋರ್, ಒಂದು .22 ಇದ್ದರೆ ಮೂರನೆಯದಕ್ಕೆ ಜಾಗವಿಲ್ಲ. ತೋಟಾ ಸಿಗದ .318ಕ್ಕಾಗಿ ತೋಟಾ ಸಿಗುವ ಬಂದೂಕು ಬಿಟ್ಟುಕೊಡುವುದು ನಷ್ಟದ ವ್ಯವಹಾರ. ಹಾಗಂತ ಊರಿನ ಲೇತ್ ಅಂಗಡಿಯಲ್ಲಿ ಚೇಂಬರ್ ಕೊರೆಸಿ .315 ಹಾಕಿಕೊಳ್ಳುವ ಯೋಚನೆ ಬೇಡವೇ ಬೇಡ. ಲೈಸೆನ್ಸ್ ಇಲ್ಲದೆ ಬಂದೂಕು ಬದಲಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಅದಲ್ಲದೆ .330 ನಳಿಗೆಯಲ್ಲಿ .323 ಗುಂಡು ಗೆರೆ ಹಿಡಿಯದೆ ಉರುಳಿಕೊಂಡು ಹೋಗುತ್ತದೆ.

ಕೊಡುವುದೇ ಆದರೆ ಡಿಸಿ ಕಚೇರಿಯ ಅನುಮತಿ ಪಡೆದು ಡೀಲರ್ ಮೂಲಕ ಕೊಡಿ. ಮೂಲ ಪೆಟ್ಟಿಗೆ, ಕೊಂಡಾಗಿನ ಬಿಲ್ಲು, ಕಂಪನಿಯ ಲೇಬಲ್ ಇದ್ದರೆ ಜೊತೆಗಿಡಿ. ತೋಟಾ ಸಿಗದ ಇಂಗ್ಲಿಷ್ ರೈಫಲ್‌ಗೆ ಸಂಗ್ರಹಕಾರರು ಬೆಲೆ ಕಟ್ಟುವುದು ಇವುಗಳನ್ನು ನೋಡಿಯೇ.